ಕಾರಿನ ಗಾಜು ಎಷ್ಟು ಕಪ್ಪಿರಬೇಕು?

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ಬೇವಿನ ಮರದ ಕೆಳಗೆ ನಾಯಿಯೂ ನಾಲಗೆ ಚಾಚಿ ಮಲಗಿರುವ ಹೊತ್ತು. ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಅಂಥ ಬಿಸಿಲಿನಲ್ಲಿ ಮನೆಯ ಮುಂದೆ ನಿಂತ ಕಾರಿನ ಬಾಗಿಲು ತೆಗೆದರೆ ರೊಟ್ಟಿ ಸುಡುವ ಒಲೆಯ ಮುಂದೆ ಮುಖ ಒಡ್ಡಿದಂತಾಗುತ್ತದೆ. ಆಗ ಮನೆಯಲ್ಲಿ ಹೀಗೊಂದು ಮಾತು ಹುಟ್ಟುತ್ತದೆ.

"ಅಪ್ಪಾ, ನಾಕೂ ಕಡಿ ಗ್ಲಾಸಿಗೆ ಕರೇ ಫಿಲ್ಮ್ ಹಚ್ಚಿಸಿಬಿಡೂಣು. ಒಳಗ ತಂಪ್ ಇರ್ತದ" ಎನ್ನುತ್ತಾನೆ ಕಾಲೇಜಿಗೆ ಹೋಗುವ ಮಗ.

"ಪೊಲೀಸ್ರು ಹಿಡದ್ರ ಏನ್ ಮಾಡ್ತಿ?" ಎಂಬುದು ಅಪ್ಪನ ಚಿಂತೆ.

"ಗಾಡಿ ನಮ್ದು, ಗ್ಲಾಸೂ ನಮ್ದು. ಅವ್ರಿಗೇನಾಗ್ಬೇಕು?" ಎಂದು ಕಟ್ಟೆಯ ಮೇಲೆ ಕುಳಿತ ಮುತ್ಯಾ ಕೇಳುತ್ತಾನೆ.

ಕಾರು ಕೊಂಡ ಅನೇಕ ಮನೆಗಳಲ್ಲಿ ನಡೆಯುವ ಮಾತುಕತೆ ಇದು. ಇದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಗಾಜು ಕಪ್ಪಾದರೆ ಕಾರು ನಿಜವಾಗಿಯೂ ತಂಪಾಗುತ್ತದೆಯೇ? ಕಾನೂನು ಎಷ್ಟು ಕಪ್ಪಿಗೆ ಒಪ್ಪುತ್ತದೆ? ನಮ್ಮದೇ ಗಾಡಿಯ ಗಾಜಿನ ವಿಷಯದಲ್ಲಿ ಕಾನೂನಿಗೆ ಏನು ಕೆಲಸ? ಮೂರಕ್ಕೂ ಉತ್ತರ ಪ್ರೌಢಶಾಲೆಯ ವಿಜ್ಞಾನ ಮತ್ತು ಗಣಿತದ ಪುಸ್ತಕಗಳಲ್ಲಿಯೇ ಇದೆ.

ಬಿಸಿಲಿನಲ್ಲಿ ಏನೇನಿದೆ?

ಬಿಸಿಲು ಎಂದರೆ ನಮ್ಮ ಕಣ್ಣಿಗೆ ಕಾಣುವ ಬೆಳಕು ಮಾತ್ರವಲ್ಲ. ನೆಲವನ್ನು ತಲುಪುವ ಸೂರ್ಯನ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಬರುತ್ತದೆ. ಉಳಿದ ಸಣ್ಣ ಪಾಲು ನೇರಳಾತೀತ ಕಿರಣಗಳದು. ನಡುಮಧ್ಯಾಹ್ನ ಮೋಡವಿಲ್ಲದ ಆಕಾಶದ ಕೆಳಗೆ, ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಶಕ್ತಿ ಹತ್ತಿರಹತ್ತಿರ 1000 ವಾಟ್. ಒಂದು ಇಸ್ತ್ರಿಪೆಟ್ಟಿಗೆಯನ್ನು ಸತತವಾಗಿ ಉರಿಸಿಟ್ಟಂತೆ.

ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ಕಪ್ಪು ಫಿಲ್ಮನ್ನು ನೋಡೋಣ. ಅದು ಬಣ್ಣ ಹಾಕಿದ ತೆಳು ಪ್ಲಾಸ್ಟಿಕ್. ಬಣ್ಣ ತಡೆಯುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಬೆಳಕನ್ನು. ಕಾಣದ ಅವಕೆಂಪು ಕಿರಣಗಳ ಬಹುಪಾಲು ಅದನ್ನು ದಾಟಿ ಒಳಗೆ ಬರುತ್ತದೆ. ತಡೆದ ಬೆಳಕೂ ಮಾಯವಾಗುವುದಿಲ್ಲ. ಫಿಲ್ಮ್ ಅದನ್ನು ಹೀರಿ ತಾನು ಕಾಯುತ್ತದೆ, ತಾನು ಅಂಟಿಕೊಂಡ ಗಾಜನ್ನೂ ಕಾಯಿಸುತ್ತದೆ. ಕಾರು ಓಡುತ್ತಿದ್ದರೆ ಹೊರಗಿನ ಗಾಳಿ ಆ ಶಾಖದಲ್ಲಿ ಬಹಳಷ್ಟನ್ನು ಒಯ್ಯುತ್ತದೆ. ಕಾರು ನಿಂತಿದ್ದರೆ ಅದರ ಒಂದು ಪಾಲು ಒಳಕ್ಕೇ ಬರುತ್ತದೆ. ಹಾಗೆಂದು ಕಪ್ಪು ಫಿಲ್ಮಿನಿಂದ ಏನೂ ಉಪಯೋಗವಿಲ್ಲ ಎಂದಲ್ಲ. ಬೆಳಕು ಕಡಿಮೆಯಾದಷ್ಟು ಶಾಖವೂ ತುಸು ಕಡಿಮೆಯಾಗುತ್ತದೆ, ಕಣ್ಣಿಗೆ ಹಿತವೆನಿಸುತ್ತದೆ. ಆದರೆ ಕಣ್ಣಿಗೆ ಆಗುವ ತಂಪಿನಷ್ಟು ಮೈಗೆ ಆಗುವುದಿಲ್ಲ. ಕಪ್ಪಿಗೂ ತಂಪಿಗೂ ನಾವು ತಿಳಿದಷ್ಟು ಹತ್ತಿರದ ನಂಟಿಲ್ಲ.

ಇನ್ನೊಂದು ಮಾತು. ಕಾರಿನ ಗಾಜುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮುಂದಿನ ಗಾಜು. ಅದು ಓರೆಯಾಗಿ, ಆಕಾಶಕ್ಕೆ ಮುಖಮಾಡಿ ಇರುವುದರಿಂದ ಮಧ್ಯಾಹ್ನದ ಬಿಸಿಲಿಗೆ ಅದೇ ಹೆಬ್ಬಾಗಿಲು. ಅದನ್ನು ಕಪ್ಪು ಮಾಡಿದರೆ ರಸ್ತೆ ಕಾಣುವುದಿಲ್ಲವಾದ್ದರಿಂದ ಯಾರೂ ಮುಟ್ಟುವುದಿಲ್ಲ. ಪಕ್ಕದ ಕಿಟಕಿಗಳಿಗೆ ಕಪ್ಪು ಬಳಿದು ಹೆಬ್ಬಾಗಿಲು ತೆರೆದಿಟ್ಟರೆ ಮನೆ ಎಷ್ಟು ತಂಪಾದೀತು?

ಹಸಿರು ಅಂಚಿನ ಗಾಜು

ಹಾಗಾದರೆ ಕಪ್ಪಾಗದೆ ಶಾಖ ತಡೆಯುವ ಗಾಜು ಉಂಟೇ? ಉಂಟು, ಬಹುಶಃ ನಿಮ್ಮ ಕಾರಿನಲ್ಲಿಯೇ ಇದೆ. ಕಾರಿನ ಕಿಟಕಿಯ ಗಾಜನ್ನು ಅರ್ಧ ಇಳಿಸಿ ಅದರ ಮೇಲಂಚನ್ನು ಸೂಕ್ಷ್ಮವಾಗಿ ನೋಡಿ. ಅಂಚು ಹಸಿರಾಗಿ ಕಂಡರೆ ಅದಕ್ಕೆ ಕಾರಣ ಗಾಜಿನಲ್ಲಿರುವ ಕಬ್ಬಿಣದ ಅಂಶ. ಗಾಜನ್ನು ಕರಗಿಸುವಾಗ ಕಬ್ಬಿಣದ ಆಕ್ಸೈಡನ್ನು ಸ್ವಲ್ಪ ಹೆಚ್ಚಾಗಿ ಬೆರೆಸಿದರೆ ಆ ಗಾಜು ಕಾಣುವ ಬೆಳಕಿನ ಹೆಚ್ಚು ಪಾಲನ್ನು ಬಿಟ್ಟುಕೊಟ್ಟು, ಅವಕೆಂಪು ಕಿರಣಗಳಲ್ಲಿ ಗಣನೀಯ ಭಾಗವನ್ನು ಹೀರಿಕೊಳ್ಳುತ್ತದೆ. ನೋಡಲು ತಿಳಿಹಸಿರು, ಕೆಲಸದಲ್ಲಿ ಕಪ್ಪು ಫಿಲ್ಮಿಗಿಂತ ಜಾಣ. ಕಾರು ತಯಾರಕರು ಕಾರ್ಖಾನೆಯಲ್ಲಿಯೇ ಕೂರಿಸುವ ತಿಳಿಬಣ್ಣದ ಗಾಜುಗಳಲ್ಲಿ ಈ ಜಾತಿಯವು ಬಹಳ.

ನೇರಳಾತೀತ ಕಿರಣಗಳ ಮಾತೂ ಸ್ವಲ್ಪ ಇದೆ. ಕಾರಿನ ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿದ್ದು. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬುವರ ಕೈಯಿಂದ 1903ರಲ್ಲಿ ಒಂದು ಗಾಜಿನ ಕುಪ್ಪಿ ಕೆಳಗೆ ಬಿದ್ದಿತು. ಒಡೆದರೂ ಅದು ಚೂರಾಗಿ ಚೆದುರಲಿಲ್ಲ. ಒಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪದರ ಚೂರುಗಳನ್ನು ಹಿಡಿದಿಟ್ಟಿತ್ತು. ಪದರಗಾಜು ಹುಟ್ಟಿದ್ದು ಆ ಆಕಸ್ಮಿಕದಿಂದ. ಇಂದಿನ ಮುಂದಿನ ಗಾಜಿನ ನಡುಪದರ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಹಾಕುವುದು ಬೇರೆ ಬಗೆಯ, ಹದಗೊಳಿಸಿದ ಒಂಟಿ ಗಾಜು. ಅದನ್ನು ಕಾಯಿಸಿ ಥಟ್ಟನೆ ತಣಿಸಿರುತ್ತಾರೆ. ಒಡೆದರೆ ಚೂಪಾದ ತುಂಡುಗಳಾಗದೆ ಹರಳುಗಳಂತೆ ಉದುರುತ್ತದೆ. ಅದರಲ್ಲಿ ನೇರಳಾತೀತ ಕಿರಣಗಳ ಒಂದು ಪಾಲು ನುಸುಳುತ್ತದೆ.

70 ಮತ್ತು 50

ಈಗ ಕಾನೂನಿಗೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮ ಗಾಜಿಗೆ ಸಂಬಂಧಿಸಿದ್ದು. ಅದರ ಸಾರ ಎರಡು ಸಂಖ್ಯೆಗಳಲ್ಲಿದೆ. ಮುಂದಿನ ಮತ್ತು ಹಿಂದಿನ ಗಾಜುಗಳು ತಮ್ಮ ಮೇಲೆ ಬಿದ್ದ ಗೋಚರ ಬೆಳಕಿನಲ್ಲಿ ಕನಿಷ್ಠ ಶೇ 70ರಷ್ಟನ್ನು ದಾಟಲು ಬಿಡಬೇಕು. ಪಕ್ಕದ ಕಿಟಕಿಗಳು ಕನಿಷ್ಠ ಶೇ 50ರಷ್ಟನ್ನು ಬಿಡಬೇಕು. ಇದು ಕಾರಿಗಷ್ಟೇ ಅಲ್ಲ, ಜೀಪಿಗೂ ಶಾಲಾ ವ್ಯಾನಿಗೂ ಅನ್ವಯ. ಕೇಂದ್ರದ ನಿಯಮವಾದ್ದರಿಂದ ಆಳಂದ, ಅಫಜಲಪುರದ ಗಡಿ ದಾಟಿ ಅಕ್ಕಲಕೋಟೆಗೆ, ಸೊಲ್ಲಾಪುರಕ್ಕೆ ಹೋದರೂ ಸಂಖ್ಯೆ ಬದಲಾಗುವುದಿಲ್ಲ.

ನಿಯಮ ಇದ್ದರೂ ಬಹುಕಾಲ ಅದನ್ನು ಲೆಕ್ಕಿಸಿದವರು ಕಡಿಮೆ. ಕಪ್ಪು ಗಾಜಿನ ಕಾರು ದೊಡ್ಡಸ್ತಿಕೆಯ ಗುರುತಾಗಿತ್ತು. ಅಂಥ ಗಾಜಿನ ಮರೆಯಲ್ಲಿ ಅಪರಾಧಗಳು ನಡೆಯುತ್ತಿವೆ ಎಂದು ಅವಿಷೇಕ್ ಗೋಯೆಂಕಾ ಎಂಬುವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. 2012ರ ಏಪ್ರಿಲ್ 27ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ನೇತೃತ್ವದ ಪೀಠ ತೀರ್ಪು ನೀಡಿತು. ಗಾಜಿನ ಮೇಲೆ ಯಾವುದೇ ಪ್ರಮಾಣದ ಕಪ್ಪು ಫಿಲ್ಮನ್ನಾಗಲಿ ಬೇರೆ ವಸ್ತುವನ್ನಾಗಲಿ ಅಂಟಿಸುವಂತಿಲ್ಲ ಎಂಬ ಆ ಆದೇಶ ಅದೇ ವರ್ಷದ ಮೇ 4ರಿಂದ ಜಾರಿಗೆ ಬಂದಿತು. ದೇಶದ ಅನೇಕ ನಗರಗಳಲ್ಲಿ ಪೊಲೀಸರು ರಸ್ತೆಯಲ್ಲಿಯೇ ಕಾರು ನಿಲ್ಲಿಸಿ ಫಿಲ್ಮ್ ಕೀಳಿಸಿದ್ದು ಆಗ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನ್ಯಾಯಾಲಯ ನಿಷೇಧಿಸಿದ್ದು ಆಮೇಲೆ ಅಂಟಿಸುವ ಫಿಲ್ಮನ್ನು. ತಯಾರಕರೇ 70 ಮತ್ತು 50ರ ಮಿತಿಯೊಳಗೆ ತಿಳಿಬಣ್ಣದ ಗಾಜು ಕೂರಿಸಿದ್ದರೆ ಅದಕ್ಕೆ ಅಡ್ಡಿಯಿರಲಿಲ್ಲ. ಕಾರ್ಖಾನೆಯಿಂದ ಬಂದ ಬಣ್ಣದ ಗಾಜು ಬೇರೆ, ಅಂಗಡಿಯಲ್ಲಿ ಹಚ್ಚಿಸಿದ ಫಿಲ್ಮ್ ಬೇರೆ.

ಅಲ್ಲಿಗೇ ಕಥೆ ಮುಗಿಯಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ 100ನೆಯ ನಿಯಮವನ್ನು ತಿದ್ದಿ, 'ಸೇಫ್ಟಿ ಗ್ಲಾಸ್' ಎಂಬುದರ ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ಮಾತನ್ನೂ ಸೇರಿಸಿತು. 2021ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಈ ಹೊಸ ಮಾತಿನ ವ್ಯಾಪ್ತಿಗೆ ಬರುತ್ತದೆ. ಇದನ್ನು ಆಧರಿಸಿ ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ, ಫಿಲ್ಮ್ ಹಚ್ಚಿದ ಮೇಲೂ ಬೆಳಕು 70 ಮತ್ತು 50ರ ಮಿತಿಗಿಂತ ಕಡಿಮೆಯಾಗದಿದ್ದರೆ ದಂಡ ವಿಧಿಸುವಂತಿಲ್ಲ ಎಂದು ಹೇಳಿತು.

"ಅಂದ್ರ ಈಗ ಹಚ್ಚಬಹುದಲ್ಲ!" ಎಂದು ಮಗ ಕುಣಿಯುವ ಮೊದಲು ಎರಡು ಸಂಗತಿ ನೆನಪಿಡಬೇಕು. ಒಂದು, ಅದು ಕೇರಳದ ಹೈಕೋರ್ಟಿನ ತೀರ್ಪು. ಕೊಳಕೂರದಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ ಕೈ ಅಡ್ಡ ಮಾಡುವ ಪೊಲೀಸರ ಮುಂದೆ ಅದನ್ನು ಓದಿ ವಾದ ಹೂಡುವುದು ಸುಲಭವಲ್ಲ. ಎರಡು, ಆ ತೀರ್ಪು ಸಹ 70 ಮತ್ತು 50ನ್ನು ಅಲುಗಿಸಿಲ್ಲ. ದಟ್ಟ ಕಪ್ಪು ಫಿಲ್ಮ್ 1989ರಲ್ಲಿಯೂ ತಪ್ಪು, ಇಂದಿಗೂ ತಪ್ಪು. ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲ ಸಿಕ್ಕರೆ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1500 ರೂಪಾಯಿವರೆಗೆ ದಂಡ.

ಕಳೆಯುವುದಲ್ಲ, ಗುಣಿಸುವುದು

ಫಿಲ್ಮ್ ಹಚ್ಚಿಸುವವರು ಹೆಚ್ಚಾಗಿ ಎಡವುವುದು ಲೆಕ್ಕದಲ್ಲಿ. "ಇದು 50ರ ಫಿಲ್ಮ್, ಕಾನೂನಿಗೆ ಸರಿ ಇದೆ" ಎಂದು ಅಂಗಡಿಯವರು ಹೇಳಿದರೆ ನಾವು ತಲೆಯಾಡಿಸುತ್ತೇವೆ. ಆದರೆ ಆ ಫಿಲ್ಮ್ ಗಾಳಿಯಲ್ಲಿ ನಿಲ್ಲುವುದಿಲ್ಲ, ಗಾಜಿನ ಮೇಲೆ ಕೂರುತ್ತದೆ. ಗಾಜು ತನ್ನ ಪಾಲಿನ ಬೆಳಕನ್ನು ಮೊದಲೇ ತಡೆದಿರುತ್ತದೆ.

ಪಕ್ಕದ ಕಿಟಕಿಯ ಗಾಜು ಶೇ 75ರಷ್ಟು ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಹೊರಗೆ ಬಿದ್ದ 100 ಪಾಲು ಬೆಳಕಿನಲ್ಲಿ 75 ಗಾಜನ್ನು ದಾಟಿತು. ಆ 75ರಲ್ಲಿ ಅರ್ಧವನ್ನು ಮಾತ್ರ 50ರ ಫಿಲ್ಮ್ ಬಿಟ್ಟಿತು. ಒಳಗೆ ಬಂದದ್ದು 37.5. ಕಾನೂನು ಕೇಳುವುದು 50. ಅಂದರೆ ಹೆಸರಿನಲ್ಲಿ 50 ಎಂದಿರುವ ಫಿಲ್ಮ್ ಹಚ್ಚಿದ ಕಿಟಕಿ ನಿಯಮವನ್ನು ಮೀರಿತು. ಅದೇ ಗಾಜಿಗೆ 70ರ ಫಿಲ್ಮ್ ಹಚ್ಚಿದರೆ 0.75 ಗುಣಿಸು 0.70, ಅಂದರೆ ಶೇ 52.5. ಸಂಖ್ಯೆಯ ಮಟ್ಟಿಗೆ ಕೂದಲೆಳೆಯಲ್ಲಿ ಪಾರು. ಮುಂದಿನ ಗಾಜಿನದು ಇನ್ನೂ ಬಿಗಿ. ಅದೂ 75 ಬಿಡುವುದಾದರೆ, ಹೆಚ್ಚುಕಡಿಮೆ ಬಣ್ಣವೇ ಇಲ್ಲದ 90ರ ಫಿಲ್ಮ್ ಹಚ್ಚಿದರೂ 67.5ಕ್ಕೆ ಇಳಿಯುತ್ತದೆ, ಬೇಕಾದದ್ದು 70.

ಇನ್ನೊಂದು ಗೊಂದಲವೂ ಉಂಟು. ಕೆಲವರು 50 ಎಂದಾಗ ಬಿಡುವ ಬೆಳಕನ್ನು ಹೇಳುತ್ತಾರೆ, ಕೆಲವರು ತಡೆಯುವ ಬೆಳಕನ್ನು. 50ರಲ್ಲಿ ಎರಡೂ ಒಂದೇ ಆದ್ದರಿಂದ ತಪ್ಪು ಗೊತ್ತಾಗುವುದಿಲ್ಲ. ಆದರೆ 70 ಎಂದಾಗ ಒಂದು ಅರ್ಥದಲ್ಲಿ ತಿಳಿಯಾದ ಗಾಜು, ಇನ್ನೊಂದು ಅರ್ಥದಲ್ಲಿ ಶೇ 30 ಮಾತ್ರ ಬಿಡುವ ಗಾಢ ಗಾಜು. ಕಾನೂನಿನ ಸಂಖ್ಯೆ ಯಾವಾಗಲೂ ದಾಟಿ ಬರುವ ಬೆಳಕಿನದು. ಕೇಳುವಾಗ "ಎಷ್ಟು ಬೆಳಕು ಒಳಗೆ ಬರುತ್ತದೆ?" ಎಂದೇ ಕೇಳಬೇಕು.

ನೋಡುವುದು ಮತ್ತು ಕಾಣಿಸುವುದು

ಇನ್ನು ಮುತ್ಯಾನ ಪ್ರಶ್ನೆ. ಗಾಡಿ ನಮ್ಮದಾದರೂ ರಸ್ತೆ ಎಲ್ಲರದು. ಅಲ್ಲಿ ಚಾಲಕ ಇತರರನ್ನು ನೋಡಬೇಕು, ಇತರರಿಗೂ ಚಾಲಕ ಕಾಣಬೇಕು.

ಮೊದಲನೆಯದನ್ನು ನೋಡಿ. ಹಳ್ಳಿಯ ದಾರಿಯಿಂದ ದೊಡ್ಡ ರಸ್ತೆಗೆ ಸೇರುವಾಗ ಚಾಲಕ ಎಡಬಲ ನೋಡುವುದು ಪಕ್ಕದ ಕಿಟಕಿಗಳ ಮೂಲಕ. ಹೊರಗಿನ ಕನ್ನಡಿಗಳನ್ನು ನೋಡುವುದೂ ಅದೇ ಗಾಜಿನ ಮೂಲಕ. ಮುಚ್ಚಂಜೆಯ ಹೊತ್ತು, ಹಿಂದೆ ದೀಪವಿಲ್ಲದ ಎತ್ತಿನ ಬಂಡಿ, ಕಬ್ಬು ಹೇರಿದ ಟ್ರ್ಯಾಕ್ಟರು, ಹೊಲದಿಂದ ಮನೆಗೆ ನಡೆದು ಬರುವ ಹೆಂಗಸರು ನಮ್ಮ ರಸ್ತೆಗಳಲ್ಲಿ ನಿತ್ಯದ ನೋಟ. ಬೆಳಕೇ ಕಡಿಮೆಯಿರುವ ಆ ಹೊತ್ತಿನಲ್ಲಿ ಉಳಿದಷ್ಟನ್ನೂ ಐದರಲ್ಲಿ ಒಂದು ಪಾಲಿಗೆ ಇಳಿಸಿದರೆ ಕಣ್ಣು ಗುರುತಿಸುವುದು ತಡವಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟುತ್ತದೆ. ಒಂದು ಸೆಕೆಂಡಿನ ತಡ ಎಂದರೆ ನಾಲ್ಕು ಕಾರುಗಳಷ್ಟು ಉದ್ದದ ತಡ.

ಎರಡನೆಯದು ಇನ್ನೂ ಸ್ವಾರಸ್ಯಕರ. ಹೊರಗೆ ನಿಂತವರಿಗೆ ಒಳಗಿನ ಮುಖ ಕಾಣಬೇಕಾದರೆ ಬೆಳಕು ಗಾಜನ್ನು ಎರಡು ಸಲ ದಾಟಬೇಕು. ಹೊರಗಿನಿಂದ ಒಳಗೆ ಹೋಗಿ ಮುಖದ ಮೇಲೆ ಬೀಳಬೇಕು, ಅಲ್ಲಿಂದ ಮರಳಿ ಹೊರಗೆ ಬರಬೇಕು. ಶೇ 50 ಬಿಡುವ ಕಿಟಕಿಯಾದರೆ ಅರ್ಧದಲ್ಲಿ ಅರ್ಧ, ಅಂದರೆ ಶೇ 25. ಶೇ 20 ಬಿಡುವ ಕಪ್ಪು ಕಿಟಕಿಯಾದರೆ 0.20 ಗುಣಿಸು 0.20, ಅಂದರೆ ಬರೀ ಶೇ 4. ಮುಂದಿನ ಗಾಜಿನಿಂದ ಒಳಗೆ ಬರುವ ಬೆಳಕು ಇದಕ್ಕೆ ತುಸು ಕೂಡುತ್ತದೆ ನಿಜ. ಆದರೆ ಗಾಜಿನ ಹೊರಮೈಯೊಂದೇ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಪ್ರತಿಫಲಿಸುತ್ತದೆ. ಅದರಲ್ಲಿ ಕಾಣುವುದು ಬೆಳ್ಳನೆಯ ಆಕಾಶ. ಆ ಹೊಳಪಿನ ಮುಂದೆ ಒಳಗಿನ ಮಸುಕು ಮುಖ ಸೋತುಹೋಗುತ್ತದೆ. ಕಪ್ಪು ಗಾಜಿನಲ್ಲಿ ನಮಗೆ ನಮ್ಮದೇ ಮುಖ ಕಾಣುವುದು ಇದಕ್ಕೇ. ಒಳಗಿದ್ದವನಿಗೆ ಹೊರಗು ಕಾಣುತ್ತದೆ, ಹೊರಗಿದ್ದವನಿಗೆ ಒಳಗು ಕಾಣುವುದಿಲ್ಲ.

ರಸ್ತೆ ದಾಟುವ ಶಾಲೆಯ ಹುಡುಗಿ ಕಾರಿನ ಚಾಲಕ ತನ್ನನ್ನು ನೋಡಿದನೋ ಇಲ್ಲವೋ ಎಂದು ಅವನ ಮುಖ ನೋಡಿ ತಿಳಿಯುತ್ತಾಳೆ. ಶಾಲಾ ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬಿದ್ದಾರೆ ಎಂದು ತಾಯಿ ಕಿಟಕಿಯಿಂದ ತಿಳಿಯುತ್ತಾಳೆ. ಇನ್ನೊಂದು ಸಂದರ್ಭದಲ್ಲಿ ಇದೇ ಗಾಜು ಪ್ರಾಣದ ಪ್ರಶ್ನೆಯಾಗುತ್ತದೆ.

ನಿಂತ ಕಾರಿನ ಒಳಗೆ

ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಹೊರಗಿನ ಗಾಳಿಗಿಂತ ಬಹಳ ಬಿಸಿಯಾಗುವುದು ಏಕೆ? ಗಾಜಿನ ಮೂಲಕ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಕಾದ ಸೀಟೂ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ, ಆದರೆ ಅವುಗಳ ತರಂಗಾಂತರ ಬಹಳ ಉದ್ದ. ಅಂಥ ಕಿರಣಗಳನ್ನು ಗಾಜು ದಾಟಗೊಡುವುದಿಲ್ಲ. ಬಿಸಿಗಾಳಿಗೂ ಹೊರಹೋಗಲು ದಾರಿಯಿಲ್ಲ. ಬಂದ ಶಾಖ ಒಳಗೇ ಕೂಡಿ ಕೂಡಿ ಬೆಳೆಯುತ್ತದೆ.

ಅಮೆರಿಕದಲ್ಲಿ ವೈದ್ಯರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಏರಿಕೆಯನ್ನು ಅಳೆದಿದೆ. ಹೊರಗಿನ ತಾಪ 22ರಿಂದ 36 ಡಿಗ್ರಿಯೊಳಗೆ ಇದ್ದ ದಿನಗಳಲ್ಲಿಯೂ ಮುಚ್ಚಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು. ಅದರಲ್ಲಿ ಹತ್ತಕ್ಕೆ ಎಂಟು ಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲಿಯೇ. ಕಿಟಕಿಯನ್ನು ಬೆರಳಗಲ ಇಳಿಸಿಟ್ಟರೂ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ನಮ್ಮ ಮೇ ತಿಂಗಳ 42 ಡಿಗ್ರಿಗೆ ಇದನ್ನು ಹೋಲಿಸಿ ನೋಡಿ.

"ಎರಡ ನಿಮಿಷದಾಗ ಬರ್ತೀನಿ" ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಔಷಧಿ ಅಂಗಡಿಗೆ ಹೋಗುವವರಿದ್ದಾರೆ. ಅಂಗಳದಲ್ಲಿ ನಿಂತ ಕಾರಿಗೆ ಮಕ್ಕಳೇ ಆಟವಾಡುತ್ತ ಹತ್ತಿ, ಬಾಗಿಲು ಹಾಕಿಕೊಂಡು ಸಿಕ್ಕಿಬೀಳುವುದೂ ಉಂಟು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಯಾವ ಫಿಲ್ಮೂ, ಯಾವ ಗಾಜೂ ಆ ಮಗುವನ್ನು ಕಾಯುವುದಿಲ್ಲ. ಕಾಯಬಲ್ಲದ್ದು ದಾರಿಯಲ್ಲಿ ಹೋಗುವ ಯಾರದೋ ಕಣ್ಣು. ಶೇ 50 ಬಿಡುವ ಕಿಟಕಿಯಾದರೆ ಹಾದುಹೋಗುವವರಿಗೆ ಮಗು ಕಾಣುತ್ತದೆ, ಅವರು ಕೂಗಿ ಜನ ಸೇರಿಸುತ್ತಾರೆ. ಶೇ 4ರ ಕಿಟಕಿಯಲ್ಲಿ ಅವರಿಗೆ ಕಾಣುವುದು ಆಕಾಶ ಮತ್ತು ತಮ್ಮದೇ ನೆರಳು. ಮುತ್ಯಾ ಕೇಳಿದ "ಅವ್ರಿಗೇನಾಗ್ಬೇಕು?" ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ಬೇಕಿಲ್ಲ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಗಾಜು ಎಷ್ಟು ಬೆಳಕು ಬಿಡುತ್ತದೆ ಎಂದು ಅಧಿಕಾರಿಗಳು ಅಳೆಯುವ ಉಪಕರಣದ ತತ್ವ ಸರಳ. ಒಂದು ಬದಿಗೆ ದೀಪ, ಇನ್ನೊಂದು ಬದಿಗೆ ಬೆಳಕಿನ ಸಂವೇದಕ. ಇದನ್ನು ಒರಟಾಗಿ ಮನೆಯಲ್ಲಿಯೂ ಮಾಡಬಹುದು. ಬೇಕಾದದ್ದು ಒಂದು ಎಲ್‌ಇಡಿ ಟಾರ್ಚು ಮತ್ತು ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಇರುವ ಫೋನು.

ಬೇರೆ ಬೆಳಕು ಇಲ್ಲದ ಸಂಜೆಯ ಮೇಲೆ ಮಾಡಿ. ಒಬ್ಬರು ಕಾರಿನ ಒಳಗೆ ಟಾರ್ಚನ್ನು ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಅಲುಗದಂತೆ ಹಿಡಿಯಲಿ. ಇನ್ನೊಬ್ಬರು ಹೊರಗೆ ಅಷ್ಟೇ ದೂರದಲ್ಲಿ ಫೋನಿನ ಮುಖವನ್ನು ಟಾರ್ಚಿನ ಕಡೆಗೆ ಹಿಡಿಯಲಿ. ಮೊದಲು ಗಾಜು ಪೂರ್ತಿ ಇಳಿಸಿ ಅಂಕಿ ಬರೆದುಕೊಳ್ಳಿ. ನಂತರ ಜಾಗ ಬದಲಿಸದೆ ಗಾಜು ಏರಿಸಿ ಮತ್ತೆ ಬರೆದುಕೊಳ್ಳಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸಿ. ಮೊದಲು 400, ಆಮೇಲೆ 300 ಬಂದರೆ ಗಾಜು ಬಿಡುವುದು ಶೇ 75. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಇದು ಅಂದಾಜು ಮಾತ್ರ, ಪೊಲೀಸರ ಮುಂದೆ ಸಾಕ್ಷಿಯಾಗದು. ಆದರೆ ನಿಮ್ಮ ಕಾರು ಗಡಿಯ ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ.

ಕಾರಿಲ್ಲದ ಮನೆಯ ವಿದ್ಯಾರ್ಥಿಗಳೂ ಕೈ ಕಟ್ಟಿ ಕೂರಬೇಕಿಲ್ಲ. ಬಣ್ಣದ ಜಿಲೆಟಿನ್ ಕಾಗದದ ಒಂದು ಹಾಳೆ, ಆಮೇಲೆ ಎರಡು, ಆಮೇಲೆ ಮೂರು ಹಿಡಿದು ಅದೇ ರೀತಿ ಅಳೆಯಿರಿ. ಒಂದು ಹಾಳೆ ಶೇ 60 ಬಿಟ್ಟರೆ ಎರಡು ಸುಮಾರು 36, ಮೂರು ಸುಮಾರು 22 ಬಿಡಬೇಕು. ಪ್ರತಿ ಹಾಳೆಗೂ 40 ಕಳೆಯುತ್ತ ಹೋಗಿದ್ದರೆ ಮೂರನೆಯ ಹಾಳೆಗೇ ಕತ್ತಲಾಗಬೇಕಿತ್ತು. ಹಾಗಾಗದಿರುವುದನ್ನು ಕಣ್ಣಾರೆ ಕಂಡಾಗ ಗುಣಾಕಾರದ ನಿಯಮ ಮರೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಹೊಸ ಕಾರು ಕೊಳ್ಳುವವರು ಗಾಜಿನ ಬಗ್ಗೆಯೂ ಒಂದು ಮಾತು ಕೇಳಬೇಕು. ತಯಾರಕರೇ ಹಾಕಿದ ತಿಳಿಹಸಿರು ಅಥವಾ ಶಾಖ ತಡೆಯುವ ಗಾಜು ಇದೆಯೇ, ಅದು ಎಷ್ಟು ಬೆಳಕು ಬಿಡುತ್ತದೆ ಎಂದು ವಿಚಾರಿಸಬೇಕು. ಎರಡು ಕಾರುಗಳಲ್ಲಿ ಒಂದನ್ನು ಆರಿಸುವಾಗ ತಿಳಿಬಣ್ಣದ ಹೊರಮೈ ಇರುವುದನ್ನು ಆರಿಸಿದರೂ ಬಿಸಿಲು ತುಸು ದೂರವಾಗುತ್ತದೆ. ಬಿಸಿಲ ನಾಡಿನವರು ಬಿಳಿ ಬಟ್ಟೆ ತೊಡುವುದು ಸುಮ್ಮನೆ ಅಲ್ಲವಷ್ಟೆ.

ಹಳೆಯ ಕಾರು ಕೊಳ್ಳುವವರು ಗಾಜನ್ನು ಮುಟ್ಟಿ ನೋಡಬೇಕು. ಗಾಜು ಇಳಿಸಿ ಒಳಮೈಯ ಅಂಚಿಗೆ ಉಗುರು ತಾಗಿಸಿದರೆ ಫಿಲ್ಮಿನ ಅಂಚು ಗೊತ್ತಾಗುತ್ತದೆ. ಹಿಂದಿನ ಮಾಲೀಕರು ಹಚ್ಚಿಸಿದ ಕಪ್ಪು ಫಿಲ್ಮಿಗೆ ದಂಡ ಕಟ್ಟುವವರು ಈಗಿನ ಮಾಲೀಕರು. ಅಂಥ ಫಿಲ್ಮ್ ಇದ್ದರೆ ತೆಗೆಸುವುದೇ ಲೇಸು. ಕರ್ನಾಟಕದ ರಸ್ತೆಗಳಲ್ಲಿ ತಕರಾರಿಲ್ಲದ ಆಯ್ಕೆ ಎಂದರೆ ತಯಾರಕರು ಕೊಟ್ಟ ಗಾಜನ್ನು ಹಾಗೆಯೇ ಉಳಿಸಿಕೊಳ್ಳುವುದು.

ತಂಪಿಗೆ ಖರ್ಚಿಲ್ಲದ ಉಪಾಯಗಳೂ ಇವೆ. ಕಾರನ್ನು ಬೇವಿನ ನೆರಳಿಗೆ ನಿಲ್ಲಿಸುವುದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಒಳ್ಳೆಯದು. ಮರ ಸಿಗದಿದ್ದರೆ ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಹೊಳೆಯುವ ಹಾಳೆಯ ಪರದೆ ಇಟ್ಟು, ಹೊರಡುವ ಮೊದಲು ತೆಗೆಯಬೇಕು. ಅದು ಬಿಸಿಲನ್ನು ಹೀರುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಕಾರು ಹತ್ತಿದ ಕೂಡಲೇ ನಾಲ್ಕೂ ಗಾಜು ಇಳಿಸಿ ನೂರಿನ್ನೂರು ಮೀಟರ್ ಓಡಿಸಿದರೆ ಕೂಡಿಟ್ಟ ಬಿಸಿಗಾಳಿ ಹೊರಗೆ ಹೋಗುತ್ತದೆ. ಎ.ಸಿ. ಹಾಕುವುದು ಆಮೇಲೆ.

ಕಾರು ಇಳಿದು ಬಾಗಿಲು ಹಾಕುವ ಮುನ್ನ ಹಿಂದಿನ ಸೀಟನ್ನು ಒಮ್ಮೆ ನೋಡುವುದು, ಮನೆಯ ಮುಂದೆ ನಿಂತ ಕಾರಿಗೆ ಬೀಗ ಹಾಕಿ ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು, ಇವೆರಡನ್ನು ಮನೆಯ ಎಲ್ಲರೂ ರೂಢಿ ಮಾಡಿಕೊಳ್ಳಬೇಕು.

ಕಾರಿನ ಗಾಜು ಮನೆಯ ಗೋಡೆಯಲ್ಲ. ಗೋಡೆಯ ಕೆಲಸ ಮರೆ ಮಾಡುವುದು, ಗಾಜಿನ ಕೆಲಸ ತೋರಿಸುವುದು. ಬಿಸಿಲಿನಿಂದ ಕಾಪಾಡಿಕೊಳ್ಳಲು ನೆರಳಿದೆ, ಪರದೆಯಿದೆ, ಹಸಿರು ಅಂಚಿನ ಗಾಜಿದೆ. ಮುಂದೆ ಹಿಂದೆ 70, ಪಕ್ಕಕ್ಕೆ 50. ಮಗನಿಗೆ, ಅಪ್ಪನಿಗೆ, ಕಟ್ಟೆಯ ಮೇಲಿನ ಮುತ್ಯಾನಿಗೆ ಈ ಎರಡು ಸಂಖ್ಯೆಗಳು ನೆನಪಿದ್ದರೆ ಸಾಕು.